ಹನ್ನೊಂದನೇ ಸಾಲಿನ ‘ಹಳದಿ ನೀರು’ ಚೆಲ್ಲುವ ಮುನ್ನ

ಮಾನ್ಯ ಜಪ್ತಿ ಮಾಲಿನ ಉಸ್ತುವಾರಿ ಅಧಿಕಾರಿಗಳೇ,

ನಿಮ್ಮ ಗೋದಾಮಿನಲ್ಲಿ, ಕಿಟಕಿ ಪಕ್ಕದ ಕಪಾಟಿನ ಎರಡನೇ ಹಲಗೆಯ ಮೇಲೆ, ಗಾಜಿನ ಬಿರಡೆಯ ಒಂದು ಬಾಟಲಿ ಉಂಟು. ನಿಮ್ಮ ಮಹಜರು ಪಟ್ಟಿಯ ಹನ್ನೊಂದನೇ ಸಾಲಿನಲ್ಲಿ ಅದರ ಹೆಸರು ‘ಹಳದಿ ನೀರು, ಒಂದು ಬಾಟಲಿ’. ಅದು ನೀರಲ್ಲ. ಅದು ನನ್ನ ಉಮ್ಮನ ಕಿವಿಯ ಚಿನ್ನ. ಬರುವ ಇಪ್ಪತ್ತೆಂಟನೇ ತಾರೀಕು ಅದನ್ನು ಚೆಲ್ಲುವುದಾಗಿ ನೀವು ಕಚೇರಿಯ ಬಾಗಿಲಿಗೆ ನೋಟಿಸು ಅಂಟಿಸಿದ್ದೀರಿ. ಇದನ್ನು ಪತ್ರಿಕೆಗೆ ಬರೆಯಲು ಕಾರಣ, ಕಚೇರಿಗೆ ಬರೆದ ಮೂರು ಪತ್ರಗಳಿಗೆ ಸಿಕ್ಕ ಉತ್ತರ ಮೂರು ಸ್ವೀಕೃತಿ ಮೊಹರುಗಳು ಮಾತ್ರ. ಮೊಹರು ಸ್ಪಷ್ಟವಾಗಿ ಬಿದ್ದಿತ್ತು, ಆ ಬಗ್ಗೆ ದೂರಿಲ್ಲ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಾನು ಮೆಲ್ಕಾರಿನವಳು. ಉಜಿರೆಯಲ್ಲಿ ರಸಾಯನಶಾಸ್ತ್ರ ಓದಿ, ಹದಿನೈದು ವರ್ಷ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದೆ. ಕೆಲಸ ಬಿಟ್ಟ ಮೇಲೆ ನನ್ನ ಗೆಳತಿಯರು ಟೈಲರಿಂಗ್ ಕಲಿತರು. ನಾನು ಹಾಳಾದ ಮೊಬೈಲುಗಳ ಒಳಗಿನ ಚಿನ್ನದ ಲೇಪವನ್ನು ಆಮ್ಲದಲ್ಲಿ ಕರಗಿಸಿ ಮರಳಿ ಪಡೆಯುವ ಹವ್ಯಾಸ ಹಿಡಿದೆ. ಒಂದು ವರ್ಷದ ಶ್ರಮಕ್ಕೆ ಸಾಸಿವೆ ಕಾಳಿನಷ್ಟು ಸಿಕ್ಕಿತ್ತು. ಕೈಗವಸು ಹಾಕುತ್ತಿದ್ದೆ, ಕನ್ನಡಕ ಹಾಕುತ್ತಿದ್ದೆ, ಗಾಳಿ ಯಾವ ಕಡೆ ಹೋಗುತ್ತದೆಂದು ನೋಡುತ್ತಿರಲಿಲ್ಲ. ಪಕ್ಕದ ಮನೆಯ ದಮಯಂತಿ ಅಕ್ಕ ಒಂದು ದಿನ ಬೇಲಿಯಾಚೆ ನಿಂತು ಕೇಳಿದರು: “ಜುಲೈಕಾ, ನೀನು ಅಲ್ಲಿ ಏನು ಬೇಯಿಸುವುದು ಮಾರಾಯ್ತಿ? ನನ್ನ ಬಸಳೆ ಎಲೆ ಎಲ್ಲ ಸುಟ್ಟು ಹೋಗಿದೆ.”

“ಬಿಸಿಲಿಗಿರಬೇಕು ಅಕ್ಕ.”

ಬಿಸಿಲಿಗಲ್ಲ ಎಂದು ನನಗೆ ಗೊತ್ತಿತ್ತು. ಅಕ್ಕ ನಿಮಗೆ ಫೋನು ಮಾಡಿದ್ದು ಸರಿ, ನೀವು ಬಂದದ್ದು ಸರಿ, ಆಮ್ಲಗಳನ್ನು ಒಯ್ದದ್ದೂ ಸರಿ. ಅವು ನಿಮ್ಮಲ್ಲೇ ಇರಲಿ. ಮನೆಗಳ ನಡುವೆ, ಪರವಾನಗಿ ಇಲ್ಲದೆ, ಮಾಡಬಾರದ ಕೆಲಸವದು. ಅಕ್ಕನಿಗೆ ಹೊಸ ಬಸಳೆ ನೆಟ್ಟು, ಚಪ್ಪರ ಹಾಕಿಸಿ ಕೊಟ್ಟಿದ್ದೇನೆ. ಈಗ ಅವರು ಮೊದಲಿನ ಅರ್ಧದಷ್ಟು ಮಾತಾಡುತ್ತಾರೆ.

ಆದರೆ ಹನ್ನೊಂದನೇ ಸಾಲಿನ ಕಥೆ ಬೇರೆ. ನಮ್ಮ ಬ್ಯಾರಿ ಮನೆಗಳ ಹಿರಿಯ ಹೆಂಗಸರು ಕಿವಿಯ ಅಂಚಿನುದ್ದಕ್ಕೂ ಸಾಲಾಗಿ ಅಲಿಕತ್ ಎಂಬ ಓಲೆ ತೊಡುತ್ತಿದ್ದುದನ್ನು ನೀವೂ ನೋಡಿರಬಹುದು. ನನ್ನ ಉಮ್ಮ ನಫೀಸಮ್ಮನ ಒಂದೊಂದು ಕಿವಿಗೆ ಎಂಟು ಇದ್ದವು. ನಾನು ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿದ ಮೇಲೆ ಕೆಲವು ಜೂನ್ ತಿಂಗಳುಗಳಲ್ಲಿ ಒಂದೊಂದು ಜೊತೆ ಕಾಣೆಯಾಗುತ್ತ ಬಂತು. ನಾನು ಮೇಲಿನ ತರಗತಿಗೆ ಹೋದೆ, ಅವರ ಕಿವಿಯಲ್ಲಿ ತೂತುಗಳು ಖಾಲಿಯಾದವು. ಕೊನೆಗೆ ಉಳಿದದ್ದು ಒಂದೇ ಜೊತೆ, ಅದೂ ಕೊಂಡಿ ಮುರಿದದ್ದು. ಕಳೆದ ವರ್ಷ ಮೂಡಬಿದಿರೆಯ ಅಂಗಡಿಯೊಂದಕ್ಕೆ ರಿಪೇರಿಗೆ ಒಯ್ದಾಗ ಅಲ್ಲಿನವರು ಉಜ್ಜಿ ನೋಡಿ, “ತಾಮ್ರವೇ ಹೆಚ್ಚು ಅಮ್ಮಾ” ಎಂದರು. ಉಮ್ಮ ಓಲೆಯನ್ನು ಕರ್ಚೀಫಿಗೆ ಕಟ್ಟಿಕೊಂಡು ಎದ್ದರು. ಮನೆಗೆ ಬಂದು, “ನನ್ನ ಉಮ್ಮ ನನಗೆ ತಾಮ್ರ ತೊಡಿಸಿ ಮದುವೆ ಮಾಡಿದರಾ? ನೀನು ಅಷ್ಟು ಓದಿದ್ದೀಯಲ್ಲ, ನೋಡಿ ಹೇಳು” ಎಂದರು.

ನಾನು ನೋಡಲು ಹೊರಟೆ. ಪೂರ್ತಿ ಕರಗಿಸಲೇಬೇಕಿತ್ತೇ? ಅವರ ಮಾನವನ್ನು ನನ್ನ ಹವ್ಯಾಸಕ್ಕೆ ನೆಪ ಮಾಡಿಕೊಂಡೆನೇ? ಈ ಪ್ರಶ್ನೆಗಳನ್ನು ನೀವು ಕೇಳಿಲ್ಲ, ಆದರೆ ನಾನು ದಿನವೂ ಕೇಳಿಕೊಳ್ಳುತ್ತೇನೆ. ಏನೇ ಇರಲಿ, ಓಲೆ ಕರಗಿತ್ತು, ದ್ರಾವಣ ಸೋಸಿ ಆಗಿತ್ತು, ಚಿನ್ನವನ್ನು ತಳಕ್ಕೆ ಇಳಿಸುವ ಕೊನೆಯ ಹಂತ ಮಾತ್ರ ಬಾಕಿ ಇತ್ತು. ಅಷ್ಟರಲ್ಲಿ ನಿಮ್ಮ ಜೀಪು ಬಂತು. ಮಹಜರಿಗೆ ಸಾಕ್ಷಿಯಾಗಿ ನೀವು ಕರೆಸಿದ್ದ ಸೈಕಲ್ ಅಂಗಡಿಯ ನೋಣಯ್ಯಣ್ಣ ಬಾಟಲಿಯನ್ನು ಮೂಗಿನ ಹತ್ತಿರ ಒಯ್ದು ಹಿಂದೆ ಸರಿದರು. “ಇದರಲ್ಲಿ ಚಿನ್ನ ಉಂಟು ಅಂತ ನಾನು ಸಹಿ ಹಾಕಿ, ನಾಳೆ ಇಲ್ಲ ಅಂತಾದರೆ ಯಾರನ್ನು ಹಿಡಿಯುವುದು?” ನಿಮ್ಮ ಗುಮಾಸ್ತ ವಸಂತ ಅವರು ಅದಕ್ಕೆ ತಲೆಯಾಡಿಸಿದರು. “ಚಿನ್ನ ಅಂತ ಬರೀಲಿಕ್ಕೆ ಚಿನ್ನ ಕಾಣಬೇಕಲ್ಲ ಮೇಡಂ.” ಕಂಡದ್ದನ್ನು ಬರೆದರು.

ತಿದ್ದುಪಡಿ ಕೇಳಲು ನಿಮ್ಮಲ್ಲಿಗೆ ಬಂದೆ. ನೀವು ಬಹಳ ತಾಳ್ಮೆಯಿಂದ ವಿವರಿಸಿದಿರಿ: “ಚಿನ್ನ ಅಂದರೆ ಬಿಲ್ಲು ತೋರಿಸಿ. ಆಸಿಡ್ ಅಂದರೆ ಪರವಾನಗಿ ತೋರಿಸಿ. ನೀರು ಅಂದರೆ ಮನೆಗೆ ಹೋಗಿ.” ನನ್ನ ಅಜ್ಜಿ ಮಗಳ ಮದುವೆಗೆ ಮಾಡಿಸಿದ ಓಲೆಗೆ ಬಿಲ್ಲು ಎಲ್ಲಿಂದ ತರಲಿ? ಹಾಗಾದರೆ ಅಕ್ಕಸಾಲಿಗರ ಸರ್ಟಿಫಿಕೇಟು ತನ್ನಿ ಎಂದಿರಿ. ಅಕ್ಕಸಾಲಿಗರು ಚಿನ್ನ ತನ್ನಿ ಎಂದರು. ಚಿನ್ನ ತರಲು ಬಾಟಲಿ ಬೇಕು. ಬಾಟಲಿ ಸಿಗಲು ಸರ್ಟಿಫಿಕೇಟು ಬೇಕು. ದ್ರವ್ಯಕ್ಕೆ ನಾಶವಿಲ್ಲ ಎಂದು ನಾನು ಮಕ್ಕಳಿಗೆ ಹದಿನೈದು ವರ್ಷ ಹೇಳಿಕೊಟ್ಟೆ. ನಿಮ್ಮ ಗೋದಾಮನ್ನು ಆಗ ನೋಡಿರಲಿಲ್ಲ.

ಮೊನ್ನೆ ಉಮ್ಮ ಹಟ ಮಾಡಿ ನನ್ನ ಜೊತೆ ಬಂದರು. ಬಾಟಲಿಯನ್ನು ತುಂಬ ಹೊತ್ತು ನೋಡಿ ನನ್ನನ್ನು ಕೇಳಿದರು, “ಬಣ್ಣ ಒಳ್ಳೆಯದುಂಟು. ತಾಮ್ರ ಇದ್ದರೆ?”

“ಹಸಿರು ಹೆಚ್ಚಾಗುತ್ತಿತ್ತು ಉಮ್ಮ.”

ಅವರಿಗೆ ಅಷ್ಟು ಸಾಕಾಯಿತು. ನನಗೆ ಸಾಲದು, ಏಕೆಂದರೆ ಬಣ್ಣ ನೋಡಿ ತೀರ್ಪು ಕೊಡುವುದು ನಿಮ್ಮ ಪಟ್ಟಿಯ ಪದ್ಧತಿ. ಹೊರಡುವಾಗ ಉಮ್ಮ ವಸಂತರ ಮೇಜಿನ ಬಳಿ ನಿಂತು, ಮಗನನ್ನು ಕರೆಯುವ ಹಾಗೆ, “ಮೋನೇ, ಅದು ನನ್ನ ಕಿವಿ. ಗುಡಿಸುವಾಗ ಸ್ವಲ್ಪ ಜಾಗ್ರತೆ” ಎಂದರು. ವಸಂತರು ಎದ್ದು ಹೋಗಿ ಬಾಟಲಿಯನ್ನು ಗೋಡೆಯ ಕಡೆಗೆ ಸರಿಸಿಟ್ಟರು. ನಿಮ್ಮ ಕಚೇರಿಯಿಂದ ನಮಗೆ ಈವರೆಗೆ ಸಿಕ್ಕ ಪರಿಹಾರ ಅಷ್ಟು.

ನನ್ನ ಬೇಡಿಕೆ ಸಣ್ಣದು. ಬಾಟಲಿಯನ್ನು ಮನೆಗೆ ಕೊಡಬೇಡಿ. ಪರವಾನಗಿ ಇರುವ ಯಾವುದಾದರೂ ಪ್ರಯೋಗಾಲಯಕ್ಕೆ ನಿಮ್ಮ ಜೀಪಿನಲ್ಲೇ ಕಳುಹಿಸಿ. ನೋಣಯ್ಯಣ್ಣನೂ ಬರಲಿ. ತಳದಲ್ಲಿ ಚಿನ್ನ ಕೂರದಿದ್ದರೆ ‘ಹಳದಿ ನೀರು’ ಎಂಬುದರ ಕೆಳಗೆ ನಾನೇ ಸಹಿ ಹಾಕುತ್ತೇನೆ. ಕೂತರೆ ಸಾಲು ತಿದ್ದಿ, ಎಷ್ಟು ಶುದ್ಧವೆಂದು ಬರೆದು ಉಮ್ಮನ ಕೈಗೆ ಕೊಡಿ. ಅವರಿಗೆ ಓಲೆಗಿಂತ ಆ ಕಾಗದ ಮುಖ್ಯ.

ಚೆಲ್ಲುವುದೇ ಅನಿವಾರ್ಯವಾದರೆ, ಅಂಗಳದ ಯಾವ ಜಾಗದಲ್ಲಿ ಚೆಲ್ಲುತ್ತೀರಿ ಎಂದು ಗುರುತು ಹಾಕಿ, ಸೀಲು ಒತ್ತಿ ತಿಳಿಸಿ. ಅಷ್ಟು ಮಣ್ಣನ್ನು ನಾವು ಅಗೆದು ಒಯ್ಯುತ್ತೇವೆ. ಮಣ್ಣಿಗೆ ಬಿಲ್ಲು ಕೇಳುವುದಿಲ್ಲ ಎಂದುಕೊಂಡಿದ್ದೇನೆ.

ಇಂತಿ,
ಹಾಲ್‌ಮಾರ್ಕ್ ಇಲ್ಲದ ನಾಗರಿಕಳು,
ಜುಲೈಕಾ, ಮೆಲ್ಕಾರ್