ಟೋಪಿಗೆ ಹಾಕಿದ ನಾಲ್ಕು ಹೊಲಿಗೆ

ನವೆಂಬರ್ ೯, ಭಾನುವಾರ

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಕೈನೋವು ಕಾರಣ ಎಂದು ಬರೆಯಬಹುದಿತ್ತು. ಕೈ ಚೆನ್ನಾಗಿಯೇ ಇದೆ. ನಿನ್ನೆ ಮಹಡಿಯ ಟೀಚರಮ್ಮನ ಕೋಟಿಗೆ ಎರಡು ಗುಂಡಿ ಹಾಕಿಕೊಟ್ಟೆ. "ಈ ವಯಸ್ಸಲ್ಲೂ ಸೂಜಿಗೆ ದಾರ ಪೋಣಿಸ್ತೀರಲ್ಲ" ಅಂದಳು. "ಕಣ್ಣು ನೆಟ್ಟಗಿದೆಯಮ್ಮಾ, ಬುದ್ಧಿಗೆ ಕನ್ನಡಕ ಬೇಕಿತ್ತು" ಅಂದೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೆ ತಾನೆ?

ಹಳೆಯ ರೀಲುಗಳನ್ನು ದುರಸ್ತಿ ಮಾಡುವ ನಿನ್ನ ಮೇಜಿಗೆ ನಿಮ್ಮಪ್ಪನ ಹತ್ತು ನಿಮಿಷದ ಮೂಕಿ ಹಾಸ್ಯಚಿತ್ರವೇ ಬರಬೇಕೆ? ಅದರಲ್ಲಿ ಯಾರೂ ನೋಡದ ಅರ್ಧ ನಿಮಿಷ ಸಿಕ್ಕಿದೆ ಎಂದು ಬರೆದಿದ್ದೀಯೆ. "ಅಪ್ಪ ಏಣಿಯಿಂದ ಬಿದ್ದಮೇಲೆ ಟೋಪಿ ಹಿಡ್ಕೊಂಡು ಎಳೀತಾರೆ, ಬರಲ್ಲ. ಮತ್ತೆ ಎಳೀತಾರೆ. ಆಮೇಲೆ ಕ್ಯಾಮೆರಾದ ಎಡಕ್ಕೆ ನೋಡಿ ಕೈ ಬಿಟ್ಬಿಡ್ತಾರೆ. ನಾನಂತೂ ಬಿದ್ದುಬಿದ್ದು ನಕ್ಕೆ. ಪ್ರದರ್ಶನಕ್ಕೆ ಇಡಲಾ, ಕತ್ತರಿಸಲಾ?" ಎಂದು ಕೇಳಿದ್ದೀಯೆ.

ಅದು ನಟನೆಯಲ್ಲ.

ನಮ್ಮ ತಂಡದಲ್ಲಿ ಒಂದು ಕಟ್ಟಳೆಯಿತ್ತು. ಬಿದ್ದವನು ಕೈಕಾಲು ಬಡಿದರೂ ಬಾಯಿ ಬಿಟ್ಟರೂ ಯಾರೂ ಹತ್ತಿರ ಹೋಗಬಾರದು. ಅದು ಅವನ ಕೆಲಸ. ನಿಜವಾಗಿ ಪೆಟ್ಟಾದರೆ ಟೋಪಿ ತೆಗೆಯಬೇಕು. ಆಗ ಮಾತ್ರ ಕ್ಯಾಮೆರಾ ನಿಲ್ಲುತ್ತಿತ್ತು. ಈ ದೃಶ್ಯ ತೆಗೆದ ಹಿಂದಿನ ದಿನ ನಿಮ್ಮಪ್ಪ ಬೀಳುವಾಗ ಟೋಪಿ ಹಾರಿಹೋಗಿ ಎರಡು ಸಲ ಚಿತ್ರೀಕರಣ ಕೆಟ್ಟಿತ್ತು. ಬೆಳಿಗ್ಗೆ ನಿರ್ದೇಶಕ ನಾನು ಹೊಲಿಗೆ ಕೆಲಸ ಮಾಡುತ್ತಿದ್ದ ಉಡುಪಿನ ಕೋಣೆಗೆ ಬಂದು, "ಇವತ್ತು ಆ ಟೋಪಿ ಅಲ್ಲಾಡಿದ್ರೆ ನಿನ್ನನ್ನೇ ಕೇಳ್ತೀನಿ" ಎಂದು ಹೇಳಿ ಹೋದ. ನಾನು ಟೋಪಿಯನ್ನು ವಿಗ್ಗಿಗೆ ಹೊಲಿದೆ. ವಿಗ್ಗನ್ನು ಅಂಟು ಹಾಕಿ ತಲೆಗೆ ಕೂರಿಸಿದೆ. "ಒಂದು ಹೊಲಿಗೆ ಸಾಕು ಕಣೇ" ಎಂದರು ನಿಮ್ಮಪ್ಪ. ನಾಲ್ಕು ಹಾಕಿದೆ. ಆ ಕಟ್ಟಳೆ ಇಬ್ಬರಿಗೂ ನೆನಪಾಗಲಿಲ್ಲ.

ಏಣಿ ಜಾರಿತು, ಅವರ ಸೊಂಟ ಮುರಿಯಿತು. ಅವರು ಟೋಪಿ ಎಳೆಯುತ್ತಿದ್ದರೆ ನಿರ್ದೇಶಕ, "ಎಳಿ, ಹಾಗೇ ಎಳಿ, ಬಂಗಾರದಂಥ ಮನುಷ್ಯ" ಎಂದು ಕೂಗುತ್ತಿದ್ದ. ಫಿಲ್ಮು ಮುಗಿದಮೇಲೇ ನಾವು ಹತ್ತಿರ ಹೋದದ್ದು. ಆಸ್ಪತ್ರೆಯಲ್ಲಿ ಅವರು ಹೇಳಿದ್ದು ಒಂದೇ ಮಾತು: "ನಕ್ಕರಲ್ಲ, ಬಿಡು." ಆಮೇಲೆ ನೀನು ಹುಟ್ಟಿದೆ. ನಿನಗೆ ಗೊತ್ತಿದ್ದದ್ದು ಊರುಗೋಲು ಒರಗಿಸಿಟ್ಟು ಟಾಕೀಸಿನ ಕಿಟಕಿಯ ಹಿಂದೆ ಟಿಕೆಟ್ ಹರಿಯುತ್ತಿದ್ದ ಅಪ್ಪ. ಮೆಟ್ಟಿಲಲ್ಲಿ ಜಾರಿದೆ ಎಂದು ನಿನಗೆ ಹೇಳಿದ್ದರು. ನಾನೂ ಹೂಂಗುಟ್ಟಿದ್ದೆ.

ಕತ್ತರಿಸಬೇಡ. ಅವರು ಮೈಮುರಿದು ದುಡಿದ ಅರ್ಧ ನಿಮಿಷವದು. ಜನ ನಗಲಿ. ನೀನೂ ನಕ್ಕದ್ದಕ್ಕೆ ಕೊರಗಬೇಡ, ನಿನಗೆ ತಿಳಿದಿರಲಿಲ್ಲ. ಆದರೆ ಪ್ರದರ್ಶನಕ್ಕೆ ನನ್ನನ್ನು ಕರೆಯಬೇಡ.

ಮುರಿದದ್ದನ್ನು ಜೋಡಿಸುವ ನಿನ್ನ ಬೆರಳು ತಣ್ಣಗಿರಲಿ, ಮಗಳೇ.

ನಿನ್ನ
ಅಮ್ಮ

ಮ.ವಿ.: ಕ್ಯಾಮೆರಾದ ಎಡಕ್ಕೆ ನಿಂತಿದ್ದವಳು ನಾನು. ಟೋಪಿ ಯಾಕೆ ಬರುತ್ತಿಲ್ಲವೆಂದು ನೋಡುತ್ತಿದ್ದವರಲ್ಲಿ ತಿಳಿದಿದ್ದದ್ದು ನನಗೊಬ್ಬಳಿಗೇ. ಆದರೂ ಎಲ್ಲರಿಗಿಂತ ಮೊದಲು ನಕ್ಕವಳು ನಾನೇ. ಮೂಕಿ ಚಿತ್ರವಾದ್ದರಿಂದ ನಿನಗೆ ಕೇಳಿಸಿಲ್ಲ. ಅದನ್ನು ಕೇಳಿಯೇ ಅವರು ಕೈ ಕೆಳಗಿಳಿಸಿದ್ದು.