ಕೆಟ್ಟ ಒಲೆಯ ಉಪಕಾರ

ಕುವೊಪಿಯೊ, ನವೆಂಬರ್

ನಮ್ಮ ಕಟ್ಟಡದ ಮೇಲ್ವಿಚಾರಕರಾದ ತೌನೊ ಅವರಿಗೆ,

ನಾವೆಲ್ಲ ಹಂಚಿಕೊಳ್ಳುವ ಹಬೆಸ್ನಾನದ ಕೋಣೆ, ಆ ಸೌನಾದ ಒಲೆ ಕೆಟ್ಟಿದೆಯೆಂದು ನಾನು ಕಳಿಸಿದ್ದ ದೂರನ್ನು ವಾಪಸು ಪಡೆಯುತ್ತಿದ್ದೇನೆ.

ಬೇಸಿಗೆಯಿಂದ ನನಗೆ ಸಂಜೆಯಾದರೆ ಸುಡುವ ಜ್ವರ, ಕೀಲುಕೀಲಿಗೂ ಊತ. ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಜ್ವರವೇ ಇರುತ್ತಿರಲಿಲ್ಲ. ಗುರುವಾರ ಸಂಜೆ ಸೌನಾದಲ್ಲಿ ಹೆಂಗಸರ ಸರದಿ ಬಂದಾಗ ನನ್ನ ಮೈ ಕೆಂಪಾಗುತ್ತಿತ್ತು, ನಿಜ. ಆದರೆ ಆ ಬಿಸಿ ಹಬೆಯಲ್ಲಿ ಯಾರ ಮೈ ಕೆಂಪಾಗುವುದಿಲ್ಲ?

ಹೋದ ತಿಂಗಳ ಒಂದು ಗುರುವಾರ ಒಲೆ ಕೆಟ್ಟಿದ್ದು ತಿಳಿಯದೆ ಬಟ್ಟೆ ಬಿಚ್ಚಿ ತಣ್ಣನೆಯ ಹಲಗೆಯ ಮೇಲೆ ಕೂತೆವು. ಪಕ್ಕದ ಮನೆಯ ಹಿಲ್ಕಾ ಕಿರುಚಿದರು: “ಅಯ್ಯೋ ಹುಡುಗಿ, ಒಲೇನೇ ಹತ್ತಿಲ್ಲ, ನೀನ್ಯಾಕೆ ಸಾಲ್ಮನ್ ಮೀನಿನ ಹಾಗೆ ನಸುಗೆಂಪು ಬಣ್ಣಕ್ಕೆ ತಿರುಗಿದೀಯ?” ನನ್ನ ತೋಳಿನ ಫೋಟೊವನ್ನೂ ಅವರೇ ತೆಗೆದರು.

ಆ ಫೋಟೊ ನೋಡಿದ ವೈದ್ಯೆ ಮತ್ತೆ ರಕ್ತ ಪರೀಕ್ಷಿಸಿ, ಬೇರೆ ರೋಗಗಳನ್ನೆಲ್ಲ ತಳ್ಳಿಹಾಕಿ, “ಇದು ಸ್ಟಿಲ್ ಕಾಯಿಲೆ, ಜ್ವರ, ಕೀಲೂತ, ದದ್ದು ಮೂರನ್ನೂ ತರುತ್ತೆ, ತುಂಬ ಅಪರೂಪ. ಸಂಜೆ ಬಣ್ಣ ತೋರಿಸಿ ಬೆಳಗಾಗೋದ್ರೊಳಗೆ ಮಾಯವಾಗೋ ಕಳ್ಳ,” ಎಂದರು. ಚುಚ್ಚುಮದ್ದು ಶುರುವಾದ ಮೇಲೆ ಒಂದು ಸಂಜೆ ಕಿಟಕಿಯ ಬಳಿ ಕಾದು ಕೂತೆ. ಹಿಮ ಬಿತ್ತು, ಜ್ವರ ಬರಲಿಲ್ಲ. ನನ್ನ ಮೈ ಇಷ್ಟು ಮೌನವಾಗಿರಬಲ್ಲದು ಎಂಬುದೇ ನನಗೆ ಮರೆತುಹೋಗಿತ್ತು.

ದೂರು ವಾಪಸು ಪಡೆದರೂ, ಒಲೆಯನ್ನು ಮಾತ್ರ ಇನ್ನಾದರೂ ರಿಪೇರಿ ಮಾಡಿಸಿ.

ಹಿಂದಿನ ದೂರಿನಲ್ಲಿ ಬೈಗುಳ ನನ್ನದು, ಕೈಬರಹ ನನ್ನ ಗಂಡನದು. ಆಗ ನನ್ನ ಬೆರಳಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಇದನ್ನು ನಾನೇ ಬರೆದಿದ್ದೇನೆ.

ಎರಡನೇ ಮಹಡಿಯ
ಸೈಮಿ ಕೊರ್ಪೆಲಾ