ಮಣಿಕಟ್ಟಿನ ಅಳತೆ

ಶಾಜಿಂಗ್, ಷೆನ್‌ಜೆನ್
ಮೂರನೆಯ ತಿಂಗಳು, ಒಂಬತ್ತನೆಯ ತಾರೀಖು

ಶಿಷ್ಯೆ ತಾನ್ ಯುವೆಮೆಯ್‌ಗೆ,

ನಿನಗೆ ತಿಳಿಸಬೇಕಾದ ವಿವರಗಳು ಈ ಕೆಳಗಿನಂತಿವೆ:

೧. ಬರೆಯುವವನು: ಹೌ ದೆಶೆಂಗ್, ವಯಸ್ಸು ಅರವತ್ತೇಳು. ಬ್ಯಾಟರಿ ಪರೀಕ್ಷಾಲಯದಲ್ಲಿ ಹಿರಿಯ ಪರಿಶೀಲಕ. ನಿವೃತ್ತಿಯ ನಂತರ ಮರುನೇಮಕ. ಒಟ್ಟು ಸೇವೆ ಇಪ್ಪತ್ತಾರು ವರ್ಷ.
೨. ಪರೀಕ್ಷೆಗೆ ಬಂದ ವಸ್ತು: ಇ-ಸಿಗರೇಟಿಗೆ ಹಾಕುವ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಬ್ಯಾಟರಿ, ಹನ್ನೆರಡು. ಹೊದಿಕೆಯ ಮೇಲೆ ಅಚ್ಚಾಗಿದ್ದ ಸಾಮರ್ಥ್ಯ ಮೂವತ್ತು ಆಂಪಿಯರ್.
೩. ಪರೀಕ್ಷೆ ನಡೆದ ದಿನ: ಕಳೆದ ವರ್ಷ, ಆರನೆಯ ತಿಂಗಳ ಹದಿನೇಳು.
೪. ಅಳೆದವರು: ತಾನ್ ಯುವೆಮೆಯ್. ಪರಿಶೀಲಿಸಿ ಮುದ್ರೆ ಒತ್ತಿದವರು: ಹೌ ದೆಶೆಂಗ್.
೫. ವರದಿಯಲ್ಲಿ ನಮೂದಾದ ಗರಿಷ್ಠ ಶಾಖ: ಅರವತ್ತೆರಡು ಡಿಗ್ರಿ.
೬. ಮೇಲ್ಕಂಡ ಐದನೆಯ ವಿವರ ಸುಳ್ಳು.

ಪತ್ರವನ್ನು ಹೀಗೆ ಆರಂಭಿಸಿದ್ದಕ್ಕೆ ಬೇಸರಿಸಬೇಡ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಊರವರಿಗೆ ಅರ್ಜಿ ಬರೆದುಕೊಡುತ್ತಿದ್ದ ಚಿಕ್ಕಪ್ಪನ ಕಾಗದಗಳನ್ನು ನಕಲು ಮಾಡುತ್ತ ನಾನು ಬರೆಯಲು ಕಲಿತವನು. ನನಗೆ ಬೇರೆ ಬರವಣಿಗೆ ಬರುವುದಿಲ್ಲ. ನನ್ನ ರಜೆಯ ಚೀಟಿಯನ್ನು ಓದಿ ನೀನೊಮ್ಮೆ, "ಗುರುಗಳೇ, ಹಲ್ಲುನೋವಿಗೆ ಬರ್ದಿದ್ದೀರೋ, ಯಾರಾದ್ರೂ ತೀರ್ಕೊಂಡಿದ್ದಕ್ಕೋ?" ಎಂದು ಕೇಳಿದ್ದೆ. ಇಡೀ ಮಹಡಿ ನಕ್ಕಿತ್ತು. ನಾನು ನಗಲಿಲ್ಲ. ನನಗೆ ಆ ಚೀಟಿಯ ಬಗ್ಗೆ ಹೆಮ್ಮೆಯಿತ್ತು.

ಮಣಿಕಟ್ಟಿನ ವಿದ್ಯೆ ನನಗೆ ನನ್ನ ಗುರುವಿನಿಂದ ಬಂದದ್ದು. ಆ ಕಾಲದಲ್ಲಿ ಇಡೀ ಮಹಡಿಗೆ ಶಾಖ ನೋಡುವ ಮೀಟರ್ ಒಂದೇ ಇತ್ತು. ಬ್ಯಾಟರಿಯಿಂದ ಕರೆಂಟು ಹೀರುತ್ತಿರುವಾಗ ಗುರು ಒಳಮಣಿಕಟ್ಟನ್ನು ಅದರ ಮೈಗೆ ತಾಗಿಸಿ ಡಿಗ್ರಿ ಹೇಳುತ್ತಿದ್ದರು. ಮೀಟರ್ ತಿರುಗಿ ಬಂದಾಗ ಅದೇ ಅಂಕಿ ಇರುತ್ತಿತ್ತು. ನಲವತ್ತೆಂದರೆ ಸ್ನಾನದ ನೀರು. ಐವತ್ತಾದರೆ ನಿನ್ನ ಪೂರ್ತಿ ಹೆಸರು ಹೇಳುವಷ್ಟು ಹೊತ್ತು ತಡೆಯಬಹುದು. ಅರವತ್ತಾದರೆ ಎರಡು ಎಣಿಸುವಷ್ಟು. ಬ್ಯಾಟರಿ ಪಾಸಾಗಲು ಎಪ್ಪತ್ತೈದು ನಮ್ಮ ಮಿತಿ. ಅಲ್ಲಿ ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. ನೀನು ನನಗೆ ಚಹಾ ಬಟ್ಟಲು ಒಪ್ಪಿಸಿ ಶಿಷ್ಯೆಯಾದ ದಿನ ನಾನು ಮೊದಲು ಕಲಿಸಿದ್ದು ಇದನ್ನೇ. ಚಹಾ ಎಂದುಕೊಂಡು ನೀನು ಗಂಟಲುನೋವಿನ ಕಹಿ ಕಷಾಯ ಕೊಂಡುತಂದಿದ್ದೆ. ನಾನು ಮುಖ ಕಿವುಚದೆ ಪೂರ್ತಿ ಕುಡಿದೆ. ಪಕ್ಕದ ಮೇಜಿನ ಲೂ, "ಹೌ ಅಣ್ಣನ ಕೈಯೊಂದಿದ್ರೆ ಸಾಕು, ಮೀಟರೆಲ್ಲ ಮಾರಿ ನೂಡಲ್ಸ್ ತಿನ್ಬಹುದು" ಎಂದು ನಿನಗೆ ಹೇಳಿದ. ಆ ಮಾತು ಕಷಾಯವನ್ನು ಸಿಹಿ ಮಾಡಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಈಗ ಹದಿನೇಳನೆಯ ತಾರೀಖಿನ ವಿಚಾರ.

ನೀನು ಬ್ಯಾಟರಿಯನ್ನು ಕರೆಂಟು ಹಾಯುವ ಲೋಹದ ಹಿಡಿಕೆಯ ನಡುವೆ ಸಿಕ್ಕಿಸಿ, ಹಳದಿ ಟೇಪಿನಿಂದ ಅದರ ನಡುಮೈಗೆ ಶಾಖ ಅಳೆಯುವ ತಂತಿ ಅಂಟಿಸಿ, ಮೂವತ್ತು ಆಂಪಿಯರ್ ಹೀರಲು ಬಿಟ್ಟೆ. ಖಾಲಿಯಾಗುವ ಹೊತ್ತಿಗೆ ಮೀಟರ್ ಎಂಬತ್ತಾರು ತೋರಿಸಿತು. ನೀನು ಬಂದು ನನಗೆ ತಿಳಿಸಿದೆ. ಹಿಡಿಕೆಯಲ್ಲಿ ಕಿಲುಬು ಕೂತಿದೆ, ಬಿಸಿಯಾಗುತ್ತಿರುವುದು ಹಿಡಿಕೆಯೇ ಹೊರತು ಬ್ಯಾಟರಿಯಲ್ಲ ಎಂದು ನಾನು ಹೇಳಿದೆ. ಅಂಥದ್ದು ಆಗುವುದುಂಟು, ನೀನು ಅದನ್ನು ಒಪ್ಪಿ, ಉಜ್ಜಿ, ಎರಡನೆಯದನ್ನು ಹಾಕಿದೆ. ಎಂಬತ್ತೇಳು. ಹಿಡಿಕೆಯನ್ನೇ ಬದಲಿಸಿ ಮೂರನೆಯದನ್ನು ಹಾಕಿದೆ. ಎಂಬತ್ತಾರು. ಆಗ ನಾನು ಎದ್ದು ಬಂದು ಅಂಗಿಯ ತೋಳು ಮಡಚಿ ಮಣಿಕಟ್ಟು ಇಟ್ಟೆ. ಎರಡು ಎಣಿಸಿದೆ. ಕೈ ಹಿಂದಕ್ಕೆ ಬರಲಿಲ್ಲ. ಅರವತ್ತೆರಡು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ನೀನು ತಗ್ಗಿದ ದನಿಯಲ್ಲಿ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಗುರುಗಳೇ, ನಾನೂ ಕೈ ಇಟ್ಟು ನೋಡ್ದೆ. ಒಂದು ಎಣಿಸೋಕೂ ಆಗ್ಲಿಲ್ಲ."

ನಿನ್ನ ಚರ್ಮ ಇನ್ನೂ ಮಗುವಿನದು ಎಂದೆ. ಲೂ ನಕ್ಕ. ಗುರುವಿನ ಬಾಯಿಂದ ಬಂದ ಅಂಕಿಯನ್ನು ನಾಲ್ಕು ಜನರ ಮುಂದೆ ಶಿಷ್ಯರು ಅಲ್ಲಗಳೆಯುವುದು ನಮ್ಮಲ್ಲಿ ಇಲ್ಲ. ನೀನು ಲೇಖನಿ ತೆಗೆದುಕೊಂಡು ಅರವತ್ತೆರಡು ಎಂದು ಬರೆದೆ. ನಾನು ಮುದ್ರೆ ಒತ್ತಿದೆ. ಆಮೇಲೆ ಊಟದ ಗಂಟೆ ಹೊಡೆಯಿತು. ಅನ್ನಕ್ಕೆ ಮೆಣಸಿನಕಾಯಿ ಹಾಕಿಕೊಳ್ಳದೆ ನೀನು ಊಟ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ದಿನ.

ಮುಂದಿನದು ನಿನಗೆ ಗೊತ್ತು. ನಮ್ಮ ವರದಿಯ ಬಲದ ಮೇಲೆ ಸದರಿ ಬ್ಯಾಟರಿಗಳು ಅಂಗಡಿ ಸೇರಿದವು. ಒಂಬತ್ತನೆಯ ತಿಂಗಳಲ್ಲಿ ಡಾಂಗ್‌ಗುವಾನ್‌ನ ಟ್ಯಾಕ್ಸಿ ಚಾಲಕನೊಬ್ಬ ಗಿರಾಕಿಗಾಗಿ ಕಾಯುತ್ತ ಇ-ಸಿಗರೇಟು ಸೇದುತ್ತಿದ್ದಾಗ ಅದು ಅವನ ಕೈಯಲ್ಲೇ ಸಿಡಿಯಿತು. ಬಲಗೈಯ ಎರಡು ಬೆರಳು ಹೋದವು. ಉಳಿದ ಬ್ಯಾಟರಿಗಳ ಹೊದಿಕೆ ಸುಲಿದು ನೋಡಿದಾಗ ಒಳಗೆ ಇನ್ನೊಂದು ಹೊದಿಕೆಯಿತ್ತು. ಅದರ ಮೇಲೆ ಹದಿನೈದು ಆಂಪಿಯರ್ ಎಂದಿತ್ತು. ವಿಚಾರಣೆಯಲ್ಲಿ ಅಳೆದವರು ಯಾರೆಂದು ಕೇಳಿದರು. ನೀನು ಎದ್ದು ನಿಂತೆ. "ಅಂಕಿ ನಾನೇ ಬರ್ದಿದ್ದು" ಎಂದೆ. ಅಷ್ಟೇ ಹೇಳಿ ಕುಳಿತೆ. ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ನನ್ನನ್ನು ಕೇಳಿದಾಗ, ಅಳತೆದಾರರ ಅಂಕಿಯನ್ನು ನಂಬಿ ಮುದ್ರೆ ಒತ್ತಿದೆನೆಂದು ಹೇಳಿದೆ. ವಾಕ್ಯ ಸುಸಂಬದ್ಧವಾಗಿತ್ತು. ಬರೆದುಕೊಳ್ಳುತ್ತಿದ್ದವರು ಎರಡನೆಯ ಸಲ ಹೇಳಿಸಿಕೊಳ್ಳಬೇಕಾಗಲಿಲ್ಲ.

ನಿನ್ನ ಪರೀಕ್ಷಕರ ಪರವಾನಗಿ ರದ್ದಾಯಿತು. ನಿನ್ನ ಹೆಸರು ಈ ಭಾಗದ ಎಲ್ಲ ಪರೀಕ್ಷಾಲಯಗಳಿಗೂ ಹೋಯಿತು. ನೀನು ಮೇಜು ಖಾಲಿ ಮಾಡುವಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಒಂದು ಲಾರಿಗೆ ಪೆಟ್ಟಿಗೆಗಳನ್ನು ತುಂಬುತ್ತಿದ್ದರು. ಅವನ್ನು ಎಣಿಸಿದೆ. ದುಃಖವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಮನೆಗೆ ಹೋಗಿ ಗಂಜಿ ಕುಡಿದು ಮಲಗಿದೆ, ನಿದ್ದೆ ಬಂತು. ಅಂದಿನಿಂದ ಎಲ್ಲ ದಿನಗಳೂ ಹಾಗೆಯೇ ಕಳೆದಿವೆ. ನೀನು ಬಂದರಿನ ಬಳಿ ಚಿಪ್ಪಿನಿಂದ ಸಿಂಪಿ ಮಾಂಸ ಬಿಡಿಸುವ ಶೆಡ್ಡಿಗೆ ಸೇರಿದ್ದೀಯೆಂದು ಲೂ ಹೇಳಿದ ಮೇಲೆ ಒಂದು ಬೆಳಿಗ್ಗೆ ಅಲ್ಲಿಗೆ ಬಂದಿದ್ದೆ. ನೀನು ಹೆಂಗಸರ ಸಾಲಿನಲ್ಲಿ ಕೂತು ಚಿಪ್ಪಿನ ಸಂದಿಗೆ ಚಾಕು ತೂರಿಸುತ್ತಿದ್ದೆ. ಯಾರೋ ಏನೋ ಅಂದರು, ನೀನು ತಿರುಗಿ ಉತ್ತರ ಕೊಟ್ಟೆ, ಎಲ್ಲರೂ ನಕ್ಕರು. ನಾನು ಬಸ್ಸು ಹತ್ತಿ ವಾಪಸಾದೆ.

ಹೋದ ತಿಂಗಳು ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋಗಿದ್ದೆ. ವೈದ್ಯರು ನನಗೆ ಕಣ್ಣು ಮುಚ್ಚಲು ಹೇಳಿ, ಕೈಗೆ ಒಮ್ಮೆ ತಣ್ಣೀರಿನ, ಒಮ್ಮೆ ಬಿಸಿನೀರಿನ ಗಾಜಿನ ನಳಿಗೆ ತಾಗಿಸುತ್ತ, ಯಾವುದು ಯಾವುದೆಂದು ಹೇಳಿ ಎಂದರು. ನಾನು ಹೇಳುತ್ತ ಹೋದೆ. ಕಣ್ಣು ತೆರೆದಾಗ ಅವರು ಬರೆದುಕೊಳ್ಳುತ್ತಿದ್ದರು. ಎರಡೂ ಕೈಗಳಲ್ಲಿ, ಮಣಿಕಟ್ಟು ದಾಟಿ ಮೊಣಕೈಯ ಅರ್ಧ ದಾರಿಯವರೆಗೆ, ಬಿಸಿ ತಣ್ಣನೆಯ ವ್ಯತ್ಯಾಸ ತಿಳಿಯುವ ನರಗಳು ಸತ್ತು ಮೂರು ನಾಲ್ಕು ವರ್ಷವಾದರೂ ಆಗಿರಬೇಕು ಎಂದರು. ಅಡುಗೆ ಮನೆಯಲ್ಲಿ ಜೋಪಾನ ಎಂದರು.

ಆ ಚೀಟಿ ಹಿಡಿದು ಹೊರಬಂದಾಗ ನನಗೆ ಹಗುರವೆನಿಸಿತು ಎಂಬುದನ್ನು ನಿನ್ನಿಂದ ಮುಚ್ಚಿಡಲಾರೆ. ಕಾಯಿಲೆಯವನು, ತಿಳಿಯದೆ ತಪ್ಪಿದವನು ಎನಿಸಿಕೊಳ್ಳಬಹುದಿತ್ತು. ಮನೆ ತಲುಪುವ ಹೊತ್ತಿಗೆ ಮನಸ್ಸಿನಲ್ಲೇ ಹೇಳಿಕೆಯ ಅರ್ಧ ಸಿದ್ಧವಾಗಿತ್ತು. ಅದನ್ನು ಬರೆದು ಮುಗಿಸಿ ಹೆಂಡತಿ ಸುಜೆನ್‌ಗೆ ಓದಿ ಹೇಳಿದೆ. ಅವಳು ಶುಂಠಿ ಹೆಚ್ಚುತ್ತಿದ್ದಳು. ಪೂರ್ತಿ ಕೇಳಿ, ತಲೆ ಎತ್ತದೆ, "ಹಾಗಾದ್ರೆ ಆ ಬೊಬ್ಬೆ?" ಎಂದಳು.

ಹದಿನೇಳರ ಸಂಜೆ ನನ್ನ ಮಣಿಕಟ್ಟಿನ ಮೇಲೆ ಬೊಬ್ಬೆ ಎದ್ದಿತ್ತು. ಮುಲಾಮು ಹಚ್ಚಿದವಳು ಅವಳು. ಸಾರಿನ ಪಾತ್ರೆ ತಾಗಿತೆಂದು ನಾನು ಹೇಳಿದ್ದೆ. ಅಂದು ನಾನು ಒಲೆಯ ಹತ್ತಿರ ಸುಳಿದಿರಲಿಲ್ಲ. ಅರವತ್ತೆರಡು ಡಿಗ್ರಿಗೆ ಎರಡು ಎಣಿಸುವಷ್ಟರಲ್ಲಿ ಬೊಬ್ಬೆ ಏಳುವುದಿಲ್ಲವೆಂಬುದನ್ನು ಈ ಕಸುಬಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಬ್ಯಾಟರಿಗಳು ಅಂಗಡಿಗೆ ಹೋಗಲು ಇನ್ನೂ ಹನ್ನೊಂದು ದಿನ ಬಾಕಿ ಇತ್ತು. ಪಟ್ಟಿ ಸುತ್ತಿ, ಅದರ ಮೇಲೆ ಅಂಗಿಯ ತೋಳು ಎಳೆದುಕೊಂಡು, ಮರುದಿನ ಕೆಲಸಕ್ಕೆ ಬಂದೆ.

ನಿನ್ನೆ ವಿಚಾರಣಾ ಕಚೇರಿಗೆ ಹೋಗಿ ಹೇಳಿಕೆ ಸಲ್ಲಿಸಿದೆ. ನಿನ್ನ ವಯಸ್ಸಿನ ಅಧಿಕಾರಿಣಿಯೊಬ್ಬರು ನಿಧಾನವಾಗಿ ಓದಿದರು. ಹನ್ನೊಂದನೆಯ ಸಾಲಿನಲ್ಲಿ ಬೆರಳು ನಿಲ್ಲಿಸಿ, "ತಾತ, ಬೊಬ್ಬೆ ವಿಷ್ಯ ಬೇಕಾ? ಇದಿಲ್ದಿದ್ರೆ ಕಾಯಿಲೆಯಿಂದಾದ ತಪ್ಪು ಅಂತಾಗುತ್ತೆ, ಆ ಹುಡುಗಿ ಪರವಾನಗಿ ಹೇಗೂ ವಾಪಸ್ ಬರುತ್ತೆ. ಇದಿದ್ರೆ ನೀವು ಗೊತ್ತಿದ್ದೂ ಸುಮ್ಮನಿದ್ರಿ ಅಂತಾಗುತ್ತೆ" ಎಂದರು. ಒಳ್ಳೆಯ ಹುಡುಗಿ. ನನ್ನ ಮೇಲೆ ಕನಿಕರವಿತ್ತು.

ಬೇಕು ಎಂದೆ. ಅವರು ಮುದ್ರೆ ಒತ್ತಿದರು.

ನಿನ್ನನ್ನು ಒಮ್ಮೆ ಕರೆಸುತ್ತಾರೆ. ಬಂದು ಮೀಟರ್ ತೋರಿಸಿದ ಅಂಕಿಯನ್ನಷ್ಟೇ ಹೇಳು. ನನ್ನ ವಿಷಯದಲ್ಲಿ ಯಾವ ದಾಕ್ಷಿಣ್ಯವೂ ಬೇಡ. ಕ್ಷಮಿಸು ಎಂದು ಈ ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ಬರೆಯಲು ನಾಲ್ಕು ಸಲ ಪ್ರಯತ್ನಿಸಿದೆ. ಅರ್ಜಿಯ ಭಾಷೆಯಲ್ಲಿ ಆ ಪದ ಬೇಡಿಕೆಯಾಗುತ್ತದೆ, ನಿನ್ನಲ್ಲಿ ಏನನ್ನಾದರೂ ಬೇಡುವ ಹಕ್ಕು ನನಗಿಲ್ಲ.

ನಿನ್ನ ಕೈಗಳು ಬಿಸಿಯನ್ನು ಬಿಸಿಯೆಂದೇ ಬಹುಕಾಲ ಅರಿಯಲಿ. ಮುಂದೆ ನಿನ್ನ ಬಳಿ ಶಿಷ್ಯರು ಬಂದರೆ, ಅವರು ನಿನ್ನನ್ನು ಅಲ್ಲಗಳೆಯಲು ಹೆದರದಿರಲಿ.

ಇಂತು,
(ಸಹಿ) ಹೌ ದೆಶೆಂಗ್
ಮಾಜಿ ಪರಿಶೀಲಕ

ಲಗತ್ತು: ಸ್ವೀಕೃತಿ ಮುದ್ರೆ ಇರುವ ಹೇಳಿಕೆಯ ನಕಲು, ಒಂದು, ಪುಟ ಮೂರು. ಮೂಲವನ್ನು ಸಲ್ಲಿಸಿದವನು ಹಿಂಪಡೆಯುವಂತಿಲ್ಲ.